ಊರು ಬದಲಿಸಿದ ಆಲೂಗಡ್ಡೆ

ಪ್ರಿಯ ಓದುಗರೇ,

ಮೇ 30 ಅಂತಾರಾಷ್ಟ್ರೀಯ ಆಲೂಗಡ್ಡೆ ದಿನ. 2024ರಿಂದ ಶುರುವಾಗಿದೆ. ಎಲ್ಲದಕ್ಕೂ ಒಂದೊಂದು ದಿನ ಇರುವಾಗ ಆಲೂಗಡ್ಡೆಗೂ ಒಂದಿರಲಿ ಬಿಡಿ! ಆ ನೆಪದಲ್ಲಾದರೂ ಅದರ ಕಡೆ ಸ್ವಲ್ಪ ನೋಡೋಣ.

ಕಳೆದ ಶತಮಾನದಲ್ಲಿ ಆಲೂಗಡ್ಡೆ ಹೆಚ್ಚಾಗಿ ಬೆಳೆಯುತ್ತಿದ್ದದ್ದು ಯುರೋಪ್, ಉತ್ತರ ಅಮೆರಿಕ ಮತ್ತು ಸೋವಿಯತ್ ಒಕ್ಕೂಟದಲ್ಲಿ. 2005ರಲ್ಲಿ ಲೆಕ್ಕ ತಲೆಕೆಳಗಾಯಿತು. ಅಭಿವೃದ್ಧಿಶೀಲ ದೇಶಗಳ ಬೆಳೆ ಮೊದಲ ಸಲ ಶ್ರೀಮಂತ ದೇಶಗಳದ್ದನ್ನು ಮೀರಿತು. ಈಗ ಜಗತ್ತಿನ ಬೆಳೆಯಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಚೀನಾ, ಭಾರತ ಎರಡರದ್ದೇ. ಮೂರು ನಾಲ್ಕು ತಿಂಗಳಲ್ಲಿ ಕೈಗೆ ಬರುವ, ಎರಡು ಧಾನ್ಯದ ಬೆಳೆಗಳ ನಡುವೆ ಕೂರುವ ಗಡ್ಡೆಯನ್ನು ಸಣ್ಣ ರೈತ ಬೇಡ ಅಂತಾನಾ?

ತಿನ್ನುವ ರೀತಿಯೂ ಬದಲಾಗಿದೆ. ಯುರೋಪಿನ ಮನೆಗಳಲ್ಲಿ ಬೇಯಿಸಿದ ಆಲೂಗಡ್ಡೆ ಕಡಿಮೆಯಾಗಿ, ಫ್ಯಾಕ್ಟರಿಯ ಫ್ರೈಸ್ ಜಾಸ್ತಿಯಾಗಿದೆ. ಫ್ಯಾಕ್ಟರಿಗೆ ಎಂಥ ಗಡ್ಡೆಯಾದರೂ ಆಗುವುದಿಲ್ಲ. ಉದ್ದವಿರಬೇಕು, ನೀರಿನಂಶ ಕಡಿಮೆ ಇರಬೇಕು. ತೀರಾ ತಣ್ಣಗಿನ ಗೋದಾಮಿನಲ್ಲಿಟ್ಟರೆ ಪಿಷ್ಟ ಸಕ್ಕರೆಯಾಗಿ, ಕರಿದಾಗ ಕಪ್ಪಾಗುತ್ತದೆ. ಫ್ಯಾಕ್ಟರಿಗೆಂದೇ ಬೆಳೆದವರ ಫಜೀತಿ 2020ರಲ್ಲಿ ಬೆಲ್ಜಿಯಂನಲ್ಲಿ ಕಂಡಿತು. ಕೊರೋನಾದಿಂದ ಹೋಟೆಲ್‌ಗಳು ಮುಚ್ಚಿ ಸುಮಾರು 7.5 ಲಕ್ಷ ಟನ್ ಆಲೂಗಡ್ಡೆ ಉಳಿದುಬಿಡುವ ಸ್ಥಿತಿ ಬಂತು. ವಾರಕ್ಕೆ ಎರಡು ಸಲ ಫ್ರೈಸ್ ತಿನ್ನಿ ಎಂದು ವ್ಯಾಪಾರಿಗಳ ಸಂಘವೇ ಜನರನ್ನು ಕೇಳಿಕೊಂಡಿತು.

ಆದರೆ ನನ್ನ ಕಣ್ಣಿರುವುದು ಬಿತ್ತನೆಯ ಮೇಲೆ. ಆಲೂಗಡ್ಡೆಗೆ ಗಡ್ಡೆಯೇ ಬೀಜ. ಹೆಕ್ಟೇರಿಗೆ ಎರಡರಿಂದ ಮೂರು ಟನ್ ಹೊತ್ತು ತರಬೇಕು. ಮನೆಯ ಗಡ್ಡೆಯನ್ನೇ ವರ್ಷ ವರ್ಷ ಹೂತರೆ ವೈರಸ್ ಸೇರಿ ಇಳುವರಿ ಸೊರಗುತ್ತದೆ. ಒಂದೇ ತಳಿ ಎಲ್ಲೆಡೆ ಹಬ್ಬಿದರೆ ರೋಗಕ್ಕೂ ಸಲೀಸು. 1845ರ ನಂತರ ಅಂಗಮಾರಿ ರೋಗ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಹಾಳುಮಾಡಿ, ಕ್ಷಾಮ ತಂದು, ಸುಮಾರು 10 ಲಕ್ಷ ಜನರನ್ನು ಬಲಿ ತೆಗೆದುಕೊಂಡದ್ದು ಸುಮ್ನೆ ಅಲ್ಲ. ದಕ್ಷಿಣ ಅಮೆರಿಕದ ಆ್ಯಂಡೀಸ್ ಬೆಟ್ಟಗಳಲ್ಲಿ ಇಂದಿಗೂ 4,000ಕ್ಕೂ ಹೆಚ್ಚು ನಾಟಿ ತಳಿಗಳಿವೆ. ಮುಂದಿನ ರೋಗಕ್ಕೆ ಮದ್ದು ಅಲ್ಲೇ ಸಿಗಬಹುದು.

ಈಗ ಹೊಸದಾಗಿ ಬಂದಿರುವುದು ಗಡ್ಡೆಯಲ್ಲ, ಗಿಡದ ಕಾಯಿಯಲ್ಲಿ ಸಿಗುವ ನಿಜವಾದ ಬೀಜ, ಅದೂ ಹೈಬ್ರಿಡ್. ಹೆಕ್ಟೇರಿಗೆ ಸುಮಾರು 25 ಗ್ರಾಂ ಸಾಕಂತೆ. ಟನ್‌ಗಟ್ಟಲೆ ಗಡ್ಡೆಯ ಜಾಗದಲ್ಲಿ ಒಂದು ಪೊಟ್ಟಣ! ರೋಗವೂ ಅಷ್ಟು ಸುಲಭವಾಗಿ ಜೊತೆಗೆ ಬರುವುದಿಲ್ಲ. ಆದರೆ ಸಸಿ ಮಾಡಿ ನಾಟಿ ಹಾಕಬೇಕು, ಮೊದಲ ಬೆಳೆಯ ಗಡ್ಡೆಗಳು ಸಣ್ಣವು. ರಸ್ತೆಯಿಲ್ಲದ ಆಫ್ರಿಕಾದ ಬೆಟ್ಟದೂರುಗಳಿಗೆ ಇದು ನಿಜಕ್ಕೂ ವರವೇ. ಬೆಲೆಯೂ ಅಲ್ಲಿನ ರೈತರ ಕೈಗೆಟಕುವಂತಿರಬೇಕು, ಅಷ್ಟೇ.

— ಸಂಪಾದಕ