ರಾಜೀನಾಮೆಗೆ ಮುಂಚೆ ನಿಯಮ ಓದಿ

ಮಾನ್ಯ ಸಂಪಾದಕರೇ,

‘ಮೇಷ್ಟ್ರುಗಳೆಲ್ಲ ದುಡ್ಡಿಗಾಗಿ ವಿದೇಶಕ್ಕೆ ಓಡುತ್ತಾರೆ’ ಎಂಬ ಮಾತು ಈಚೆಗೆ ಜಾಸ್ತಿ ಕೇಳುತ್ತಿದ್ದೇನೆ. ದುಡ್ಡೂ ಹೌದು, ಸುಳ್ಳು ಯಾಕೆ ಹೇಳಲಿ. ಆದರೆ 14 ವರ್ಷ ಗಣಿತ ಕಲಿಸಿದ ನಾನು ಇಲ್ಲಿ, ವಿದೇಶದಲ್ಲಿ, ಬರೀ ತರಗತಿಯ ಸಹಾಯಕಿ. ನನ್ನ ಪದವಿ ಪತ್ರಗಳಿಗೆ ಅಪಾಸ್ಟಿಲ್ ಆಗಿದೆ. 1961ರ ಹೇಗ್ ಒಪ್ಪಂದದ ಈ ಮುದ್ರೆ, ಪತ್ರದ ಸಹಿ, ಸೀಲು ಅಸಲಿ ಅಂತ ಹೇಳುತ್ತದೆ, ಅಷ್ಟೇ. ಪಾಠ ಮಾಡಲು ಬೇರೆ ನೋಂದಣಿ, ಭಾಷಾ ಪರೀಕ್ಷೆ ಬೇಕು. ನನ್ನನ್ನು ಇಲ್ಲಿಗೆ ಕಳಿಸಿದ ಏಜೆಂಟ್ ಈ ಬಗ್ಗೆ ಬಾಯೇ ಬಿಡಲಿಲ್ಲ.

ಮೊನ್ನೆ ಹುಡುಗನೊಬ್ಬ ಭಿನ್ನರಾಶಿ ಕೂಡುವಾಗ ಛೇದಗಳನ್ನೂ ಕೂಡಿಬಿಟ್ಟ. ನನ್ನ ಕೈ ಪೆನ್ಸಿಲ್ ಕಡೆ ಹೋಯಿತು. ಸುಮ್ನೆ ಹಿಂದಕ್ಕೆ ಎಳೆದುಕೊಂಡೆ. ಪಾಠ ನನ್ನದಲ್ಲ ಅಲ್ವಾ?

ಹೊರಡುವವರು ರಾಜೀನಾಮೆ ಕೊಡುವ ಮುಂಚೆ ಆ ದೇಶದ ಶಿಕ್ಷಕರ ನೋಂದಣಿ ನಿಯಮ ಓದಿಕೊಳ್ಳಲಿ. ನಾನು ಓದಿದ್ದು ವಿಮಾನ ಇಳಿದ ಮೇಲೆ.

– ಒಬ್ಬ ಗಣಿತ ಶಿಕ್ಷಕಿ