‘ಕ್ಷುಲ್ಲಕ ಕಾರಣ’ ಅಂತ ಬರೆಯಬೇಡಿ

ಸಂಪಾದಕರೇ,

ಬೆಳಿಗ್ಗೆ ಪೇಪರ್ ಬಂದ ಕೂಡಲೇ ನಾನು ಮೊದಲು ಓದುವುದು ಜಿಲ್ಲಾ ಪುಟದ ಅಪರಾಧ ಸುದ್ದಿ. ನನ್ನ ಕೆಲಸ ಅಂಥದ್ದು. ನಾನು ಫೊರೆನ್ಸಿಕ್ ಸೈಕಾಲಜಿಸ್ಟ್. ಅಪರಾಧ ಮಾಡಿದವರ ಜತೆ, ಅದಕ್ಕೆ ತುತ್ತಾದವರ ಜತೆ ಗಂಟೆಗಟ್ಟಲೆ ಕೂತು ಮಾತಾಡಿ ಕೋರ್ಟಿಗೆ ವರದಿ ಬರೆದುಕೊಡುತ್ತೇನೆ. ರಾತ್ರಿ ಹೊತ್ತು ಥ್ರಿಲ್ಲರ್ ಕಾದಂಬರಿ ಬರೆಯುತ್ತೇನೆ. ‘ಕ್ಷುಲ್ಲಕ ಕಾರಣಕ್ಕೆ ಪತ್ನಿ ಕೊಲೆ’, ‘ಶೀಲ ಶಂಕಿಸಿ ಪತ್ನಿ ಹತ್ಯೆ’ ಎನ್ನುವ ಈ ಎರಡು ತಲೆಬರಹಗಳನ್ನು ಇನ್ನು ಮೇಲೆ ಬಿಟ್ಟುಬಿಡಿ ಅಂತ ಕೇಳಿಕೊಳ್ಳಲು ಈ ಪತ್ರ. ನಿಮ್ಮ ಪತ್ರಿಕೆ ಒಂದೇ ಅಲ್ಲ, ಕನ್ನಡದಲ್ಲಿ ಎಷ್ಟೋ ವರ್ಷದಿಂದ ಎಲ್ಲರೂ ಹೀಗೇ ಬರೆಯುತ್ತಾ ಬಂದಿದ್ದಾರೆ, ಓದುವ ನಮಗೂ ಅಭ್ಯಾಸವಾಗಿಹೋಗಿದೆ.

ಕೆಲವು ವರ್ಷದ ಹಿಂದೆ ಒಬ್ಬ ಹೆಣ್ಣುಮಗಳು ನನ್ನ ಹತ್ತಿರ ಬಂದಿದ್ದಳು. ಗುರುತು ಸಿಗಬಾರದು ಅಂತ ಊರು, ಕೆಲಸ ಬದಲಾಯಿಸಿ ಹೇಳುತ್ತೇನೆ. ಗುಬ್ಬಿ ಕಡೆಯವಳು, ತುಮಕೂರಿಗೆ ಗಾರ್ಮೆಂಟ್ಸ್ ಕೆಲಸಕ್ಕೆ ಬರುತ್ತಿದ್ದಳು ಅಂತಿಟ್ಟುಕೊಳ್ಳಿ. ಗಂಡ ದಿನಾ ಬೈಕಲ್ಲಿ ತಂದು ಬಿಡುತ್ತಿದ್ದ, ಸಂಜೆ ಶಿಫ್ಟ್ ಮುಗಿಯುವ ಹೊತ್ತಿಗೆ ಗೇಟಿನ ಹತ್ತಿರ ಬಂದು ನಿಂತಿರುತ್ತಿದ್ದ. ಜತೆಯವರೆಲ್ಲ ‘ಪುಣ್ಯ ಮಾಡಿದ್ದೆ ಕಣೇ, ಇಂಥ ಗಂಡ ಸಿಕ್ಕಿದಾನೆ’ ಅನ್ನುತ್ತಿದ್ದರಂತೆ. ಮನೆಗೆ ಹೋದ ಮೇಲೆ ಅವನು ಫೋನ್ ಇಸಕೊಂಡು ಒಂದೊಂದೇ ನಂಬರ್ ನೋಡುತ್ತಿದ್ದ. ಅವಳ ಸಂಬಳದ ಎಟಿಎಂ ಕಾರ್ಡು ಅವನ ಜೇಬಲ್ಲಿ. ಮೊದಲು ಗೆಳತಿಯರ ಮನೆಗೆ ಹೋಗುವುದು ನಿಂತಿತು, ಆಮೇಲೆ ತಂಗಿ ಮನೆಗೆ, ಕೊನೆಗೆ ಹಬ್ಬಕ್ಕೆ ತವರಿಗೆ ಹೋಗುವುದೂ ನಿಂತಿತು. ಒಂದು ರಾತ್ರಿ ಕುತ್ತಿಗೆ ಹಿಸುಕಿದ. ಬೆಳಿಗ್ಗೆ ಅತ್ತು ಕಾಲು ಹಿಡಿದ. ತಾಯಿಗೆ ಹೇಳಿದರೆ ‘ಹೊಂದಿಕೊಂಡು ಹೋಗಮ್ಮ, ಗಂಡಸರು ಅಂದ್ಮೇಲೆ ಸಿಟ್ಟು ಇರುತ್ತೆ’ ಅಂದರು. ಕೊನೆಗೊಂದು ದಿನ ಮಗು ಎತ್ತಿಕೊಂಡು ತವರಿಗೆ ಬಂದುಬಿಟ್ಟಳು. ಹತ್ತು ದಿನ ಕಳೆದ ಮೇಲೆ ಅವನು ‘ಒಂದೇ ಒಂದು ಸಲ ಮಾತಾಡಬೇಕು’ ಅಂತ ಬಂದ. ಹಿತ್ತಲಲ್ಲಿ ನಿಂತು ಫೋನ್ ಕೊಡು ಅಂದ. ಇವಳು ಕೊಡಲಿಲ್ಲ. ಅವನು ಮಚ್ಚು ತಂದಿದ್ದ. ಅಣ್ಣ ಓಡಿ ಬಂದಿದ್ದರಿಂದ ಜೀವ ಉಳಿಯಿತು. ಎಡಗೈಯ ಮೂರು ಬೆರಳು ಈಗಲೂ ಮಡಚುವುದಿಲ್ಲ.

ಮಾರನೇ ದಿನ ಒಂದು ಪೇಪರಿನಲ್ಲಿ ನಾಲ್ಕು ಸಾಲು ಬಂತು. ಮೊಬೈಲ್ ಕೊಡಲಿಲ್ಲವೆಂಬ ಕ್ಷುಲ್ಲಕ ಕಾರಣಕ್ಕೆ ಪತ್ನಿ ಮೇಲೆ ಹಲ್ಲೆ. ಆ ತುಣುಕನ್ನು ಅವಳು ಪರ್ಸಿನಲ್ಲಿ ಮಡಚಿ ಇಟ್ಟುಕೊಂಡಿದ್ದಳು. ನನ್ನ ಮುಂದೆ ಮೇಜಿನ ಮೇಲೆ ಬಿಚ್ಚಿಟ್ಟು, ‘ಮೇಡಂ, ನನ್ನ ಆರು ವರ್ಷ ಇದರಲ್ಲಿ ಎಲ್ಲೋಯ್ತು?’ ಅಂತ ಕೇಳಿದಳು.

ಆ ಆರು ವರ್ಷದ ಕಥೆಯೇ ನಮ್ಮ ಕ್ಷೇತ್ರದವರು ಓದುವ ಪಾಠ. ಬ್ರಿಟನ್ನಿನಲ್ಲಿ ಜೇನ್ ಮಾಂಕ್ಟನ್ ಸ್ಮಿತ್ ಅಂತ ಒಬ್ಬರಿದ್ದಾರೆ, ಮೊದಲು ಪೊಲೀಸ್ ಆಗಿದ್ದವರು, ಆಮೇಲೆ ಅಪರಾಧಶಾಸ್ತ್ರ ಕಲಿಸುವವರಾದರು. ಸಂಗಾತಿಯ ಕೈಯಲ್ಲಿ ನಡೆದ 372 ಕೊಲೆಗಳನ್ನು ಕೂಲಂಕಷವಾಗಿ ನೋಡಿ, 2019ರಲ್ಲಿ ಎಂಟು ಹಂತಗಳನ್ನು ಗುರುತಿಸಿದರು. ಶುರುವಿನಲ್ಲಿ ಪ್ರೀತಿ ವಿಪರೀತ ಬೇಗ ಏರುತ್ತದೆ. ಆಮೇಲೆ ಹಿಡಿತ ಬರುತ್ತದೆ. ಅವಳು ಬಿಟ್ಟು ಹೋಗುತ್ತಾಳೆ ಅನ್ನಿಸಿದಾಗ ಆ ಹಿಡಿತ ಜಾಸ್ತಿಯಾಗುತ್ತದೆ, ನಂತರ ಅವನ ಯೋಚನೆಯೇ ಬೇರೆ ದಿಕ್ಕಿಗೆ ತಿರುಗುತ್ತದೆ, ತಯಾರಿ ನಡೆಯುತ್ತದೆ, ಕೊಲೆ ಬರುವುದು ಕೊನೆಗೆ. ಅಮೆರಿಕದ ನರ್ಸಿಂಗ್ ಪ್ರೊಫೆಸರ್ ಜಾಕ್ವೆಲಿನ್ ಕ್ಯಾಂಬೆಲ್ 1985ರಲ್ಲೇ, ಹೊಡೆತ ತಿನ್ನುವ ಹೆಂಗಸಿನ ಜೀವಕ್ಕೆ ಎಷ್ಟು ಅಪಾಯ ಇದೆ ಅಂತ ತಿಳಿಯಲು ಒಂದು ಪ್ರಶ್ನಾವಳಿ ಮಾಡಿದರು. ಹಿಂದೆ ಒಂದು ಸಲ ಕುತ್ತಿಗೆ ಹಿಸುಕಿದ್ದರೆ ಮುಂದೆ ಕೊಲೆಯಾಗುವ ಸಾಧ್ಯತೆ ಏಳು ಪಟ್ಟಿಗೂ ಜಾಸ್ತಿ ಅಂತ 2008ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಗುಬ್ಬಿಯ ಆ ತಾಯಿಗೆ ಇದನ್ನು ಯಾರಾದರೂ ಹೇಳಿದ್ದರೆ ‘ಹೊಂದಿಕೊಂಡು ಹೋಗು’ ಅನ್ನುತ್ತಿದ್ದರಾ? ಖಂಡಿತ ಇಲ್ಲ. ಅವರು ಮಗಳನ್ನು ಪ್ರೀತಿಸುವ ತಾಯಿ.

ಇನ್ನು ‘ಶೀಲ ಶಂಕಿಸಿ’. ಈ ಮಾತು ಎಲ್ಲಿಂದ ಬರುತ್ತದೆ ಅಂತ ಯೋಚಿಸಿ. ಸತ್ತವಳು ಹೇಳಲು ಆಗುವುದಿಲ್ಲ. ಹೇಳುವವನು ಆರೋಪಿ, ಅದೂ ಠಾಣೆಯಲ್ಲಿ. ಪೊಲೀಸರ ಮುಂದೆ ಆರೋಪಿ ಒಪ್ಪಿಕೊಂಡ ಮಾತನ್ನು ಕೋರ್ಟಿನಲ್ಲಿ ಅವನ ವಿರುದ್ಧ ಸಾಬೀತುಪಡಿಸಲು ಬಳಸುವ ಹಾಗಿಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯ 25ನೇ ಸೆಕ್ಷನ್ ಅದು, 2024ರ ಜುಲೈ 1ರಿಂದ ಬಂದ ಹೊಸ ಕಾಯ್ದೆಯಲ್ಲೂ ಉಳಿದಿದೆ. ಕೋರ್ಟು ಅಷ್ಟು ಎಚ್ಚರದಿಂದ ನೋಡುವ ಮಾತಿನಿಂದ ಅವನು ಕೊಟ್ಟ ನೆಪವನ್ನು ಎತ್ತಿಕೊಂಡು ನಾವು ದಪ್ಪಕ್ಷರದಲ್ಲಿ ಕಾರಣ ಅಂತ ಹಾಕುತ್ತೇವೆ. ಓದಿದ ಊರಿನವರು ಅವಳು ಎಂಥವಳಿದ್ದಳೋ ಅಂತ ಮಾತಾಡಿಕೊಳ್ಳುತ್ತಾರೆ. ಅವಳ ಮಕ್ಕಳು ಅದೇ ಊರಿನ ಸ್ಕೂಲಿಗೆ ಹೋಗಬೇಕು.

ಸಿಟ್ಟಿನ ಭರದಲ್ಲಿ ಆಗಿಹೋಯಿತು ಅಂತ ಬಹಳ ಜನ ಹೇಳುತ್ತಾರೆ. ಕಾನೂನಿನಲ್ಲಿ ಹಠಾತ್ ಪ್ರಚೋದನೆಗೆ ಜಾಗ ಇದೆ ನಿಜ. ಆದರೆ ನೌಕಾಪಡೆಯ ಅಧಿಕಾರಿ ನಾನಾವತಿ ಹೆಂಡತಿಯ ಪ್ರಿಯಕರನನ್ನು ಗುಂಡಿಟ್ಟು ಕೊಂದ ಪ್ರಕರಣದಲ್ಲಿ 1961ರಲ್ಲಿ ಸುಪ್ರೀಂ ಕೋರ್ಟು, ಅವನು ಮನೆಯಿಂದ ಹೊರಟು ಗುಂಡು ಹೊಡೆಯುವ ತನಕ ಸುಮಾರು ಮೂರು ಗಂಟೆ ಇತ್ತು, ಮನಸ್ಸು ತಣ್ಣಗಾಗಲು ಅಷ್ಟು ಸಾಕು ಅಂತ ಆ ವಾದವನ್ನು ಒಪ್ಪಲಿಲ್ಲ. ತಾನೇ ಮಚ್ಚು ತೆಗೆದುಕೊಂಡು ಗುಬ್ಬಿಯ ತನಕ ಬೈಕ್ ಓಡಿಸಿಕೊಂಡು ಬಂದವನದು ಯಾವ ಕ್ಷಣದ ಸಿಟ್ಟು?

ಥ್ರಿಲ್ಲರ್ ಬರೆಯುವ ನಮ್ಮದೂ ಇದರಲ್ಲಿ ಪಾಲಿದೆ. ನನ್ನ ಮೊದಲ ಕಾದಂಬರಿಯಲ್ಲಿ ಕೊಲೆಗಾರ ಸೈಕೋ, ಮುಖವಾಡ ಹಾಕಿಕೊಂಡು ರಾತ್ರಿ ಓಡಾಡುವವನು. ಪೊಲೀಸರು ಮಂಪರು ಪರೀಕ್ಷೆ ಮಾಡಿಸುತ್ತಾರೆ, ಅವನು ಎಲ್ಲ ಬಾಯಿಬಿಡುತ್ತಾನೆ. ಆರೋಪಿಯ ಒಪ್ಪಿಗೆ ಇಲ್ಲದೆ ಆ ಪರೀಕ್ಷೆ ಮಾಡುವ ಹಾಗಿಲ್ಲ ಅಂತ 2010ರಲ್ಲೇ ಸುಪ್ರೀಂ ಕೋರ್ಟು ಹೇಳಿತ್ತು, ಅದೂ ಕರ್ನಾಟಕದ್ದೇ ಸೆಲ್ವಿ ಪ್ರಕರಣದಲ್ಲಿ. ಗೊತ್ತಿದ್ದೂ ಹಾಗೆ ಬರೆದೆ. ಓದುಗರು ಮೆಚ್ಚಿಕೊಂಡರು. ಆದರೆ ಅಂಥ ಪುಸ್ತಕ ಓದಿ ಓದಿ ಕೊಲೆಗಾರ ಅಂದರೆ ನೋಡಿದ ಕೂಡಲೇ ಗೊತ್ತಾಗುವ ಮನುಷ್ಯ ಅಂತ ನಾವು ನಂಬಿಬಿಟ್ಟಿದ್ದೇವೆ. ಸುಳ್ಳು ಹೇಳುವವರನ್ನು ನೋಡಿ, ಕೇಳಿ ಕಂಡುಹಿಡಿಯುವುದರಲ್ಲಿ ಜನ ಸರಿಯಾಗುವುದು ನೂರಕ್ಕೆ 54 ಸಲ ಅಂತ 2006ರ ಒಂದು ದೊಡ್ಡ ವಿಶ್ಲೇಷಣೆ ತೋರಿಸಿತು. ಕಣ್ಣು ಮುಚ್ಚಿ ಹೇಳಿದರೂ ಹತ್ತಿರ ಹತ್ತಿರ ಅಷ್ಟೇ ಬರುತ್ತದೆ. ವಿಶ್ವಸಂಸ್ಥೆಯ ಲೆಕ್ಕದಲ್ಲಿ 2023ರಲ್ಲಿ ಜಗತ್ತಿನಲ್ಲಿ ಕೊಲೆಯಾದ ಸುಮಾರು 85,000 ಹೆಂಗಸರು ಮತ್ತು ಹುಡುಗಿಯರಲ್ಲಿ 51,100 ಜನರನ್ನು ಕೊಂದವರು ಸಂಗಾತಿ ಅಥವಾ ಮನೆಯವರು. ಮುಖವಾಡದವನನ್ನು ಹುಡುಕುತ್ತಾ ನಾವು ಗೇಟಿನ ಹತ್ತಿರ ನಿಂತಿದ್ದವನನ್ನು ಒಳ್ಳೆಯ ಗಂಡ ಅಂದುಕೊಂಡೆವು. ಈಗ ಬರೆಯುತ್ತಿರುವ ಕಾದಂಬರಿಯಲ್ಲಿ ಯಾರ ಫೋನ್ ಯಾರ ಕೈಯಲ್ಲಿದೆ ಅನ್ನುವುದರಿಂದಲೇ ಕಥೆ ಶುರು ಮಾಡಿದ್ದೇನೆ. ಭಯ ಅದರಲ್ಲಿ ಕಡಿಮೆಯಾಗಿಲ್ಲ, ಬರೆಯುವ ನನಗೇ ಕೆಲವು ರಾತ್ರಿ ನಿದ್ದೆ ಬರುವುದಿಲ್ಲ.

ಆತ್ಮಹತ್ಯೆಯ ಸುದ್ದಿ ಹೇಗೆ ಬರೆಯಬೇಕು ಅಂತ 2019ರಲ್ಲಿ ಪ್ರೆಸ್ ಕೌನ್ಸಿಲ್ ಮಾರ್ಗಸೂಚಿ ಒಪ್ಪಿಕೊಂಡಿತು. ಈಗ ಅಂಥ ಸುದ್ದಿಯ ಕೆಳಗೆ ಸಹಾಯವಾಣಿ ನಂಬರ್ ಹಾಕುವವರಿದ್ದಾರೆ. ಅದೇ ಥರ ಈ ಸುದ್ದಿಗಳ ಕೆಳಗೂ ಮಹಿಳಾ ಸಹಾಯವಾಣಿ 181 ಮತ್ತು ತುರ್ತು ನಂಬರ್ 112 ಹಾಕಿ. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ 2005ರದ್ದು, ಮಾನಸಿಕ ಹಿಂಸೆ, ದುಡ್ಡು ಕಿತ್ತುಕೊಳ್ಳುವುದು ಕೂಡ ಅದರಲ್ಲಿ ದೌರ್ಜನ್ಯವೇ, ಹೊಡೆಸಿಕೊಳ್ಳುವ ತನಕ ಕಾಯಬೇಕಿಲ್ಲ ಅಂತ ಒಂದು ಸಾಲು ಸೇರಿಸಿ. ಎರಡು ಇಂಚು ಜಾಗ ಸಾಕು.

ಜಿಲ್ಲಾ ಪುಟ ನೋಡಿಕೊಳ್ಳುವವರು ಯಾವ ಶನಿವಾರ ಬಂದರೂ ನಾನು ತುಮಕೂರಲ್ಲೇ ಇರುತ್ತೇನೆ, ಕೂತು ಮಾತಾಡೋಣ. ವರದಿಗಾರರು ಠಾಣೆಯಲ್ಲಿ ಕೇಳಬಹುದಾದ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಇದಕ್ಕೆ ಮೊದಲು ಅವಳು ದೂರು ಕೊಟ್ಟಿದ್ದಳಾ? ಹಿಂದೆ ಯಾವತ್ತಾದರೂ ಕುತ್ತಿಗೆ ಹಿಸುಕಿದ್ದನಾ? ಅವನನ್ನು ಬಿಟ್ಟು ಬಂದು ಎಷ್ಟು ದಿನ ಆಗಿತ್ತು? ಯಾರ ಹತ್ತಿರ ಹೇಳಿಕೊಂಡಿದ್ದಳು, ಅವರು ಏನಂದರು?

ಇಂತಿ,
ನಿಮ್ಮ ಓದುಗಿ, ಎಸ್.ಎಸ್. ಪುರಂ, ತುಮಕೂರು