ಆ ಫಿಗ್ಮಾ ಫೈಲ್ ಮಾಡಿಟ್ಟವರಿಗೆ

ಡೆವಲಪರ್, ಟೆಸ್ಟರ್‌ಗಳೂ ಒಂದೇ ಥರದ ಮಾಕಪ್ (ಆ್ಯಪ್ ಪರದೆಯ ಮಾದರಿ ಚಿತ್ರ) ಮಾಡುವಂತೆ, ಫಿಗ್ಮಾ ಎಂಬ ವಿನ್ಯಾಸದ ತಂತ್ರಾಂಶದಲ್ಲಿ ಟೆಂಪ್ಲೇಟ್ ಸಿದ್ಧಮಾಡಿಟ್ಟು, ಹೆಸರನ್ನೂ ಹಾಕದೆ ಹೋದವರೇ, ನಿಮಗೆ ದೊಡ್ಡ ನಮಸ್ಕಾರ. ಮೊಬೈಲ್ ಪರದೆಗೆಂದು 360 ಪಿಕ್ಸೆಲ್ ಅಗಲದ ಫ್ರೇಮು, 8ರ ಲೆಕ್ಕದ ಅಂತರ, ಬೆರಳಿಗೆ ಸಲೀಸಾಗಿ ಸಿಗುವ 48 ಎತ್ತರದ ಬಟನ್ನು. ಎಳೆದು ತಂದಿಟ್ಟರೆ ಆಯಿತು. ಬಣ್ಣಗಳಿಗೆ ‘ಮುಖ್ಯ’, ‘ಎಚ್ಚರಿಕೆ’ ಎಂದು ಕೆಲಸದ ಹೆಸರಿಟ್ಟದ್ದು ಜಾಣತನ. ಇಲ್ಲದಿದ್ದರೆ ಐದು ಜನ ಐದು ಬಗೆಯ ನೀಲಿ ಬಳಿಯುತ್ತಿದ್ದರು. ‘ಡಿಟ್ಯಾಚ್ ಮಾಡಬೇಡಿ’ ಎಂದು ಕೆಂಪಕ್ಷರದಲ್ಲಿ ಬರೆದದ್ದೂ ಸರಿಯೇ: ಹಾಗೆ ಮೂಲದಿಂದ ಬಿಡಿಸಿಕೊಂಡ ಬಟನ್ನಿಗೆ ಮೂಲ ಕಾಂಪೊನೆಂಟಿನ (ಪ್ರತಿಗಳಿಗೆಲ್ಲ ಅಚ್ಚಾದ ಬಟನ್ನಿನ) ತಿದ್ದುಪಡಿ ಮತ್ತೆ ತಲುಪುವುದಿಲ್ಲ.

ಎಲ್ಲಕ್ಕಿಂತ ಹಿಡಿಸಿದ್ದು ಕನ್ನಡದ ಮಾದರಿ ಪಠ್ಯ. 16ರ ಅಕ್ಷರಕ್ಕೆ ಸಾಲಿನ ಎತ್ತರ 26 ಕೊಟ್ಟಿದ್ದೀರಿ. ಇಂಗ್ಲಿಷಿಗೆ ಸಾಕಾಗುವ 20ನ್ನೇ ಇಲ್ಲೂ ಇಟ್ಟರೆ ‘ಕ್ಲಿಕ್ಕಿಸಿ’ಯ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗಿಬಿಡಬಹುದು. ಇದು ಎಷ್ಟೋ ಡಿಸೈನರ್‌ಗಳಿಗೇ ಹೊಳೆಯುವುದಿಲ್ಲ, ಬಿಡಿ. ಬಟನ್ನಿಗೆ ಆಟೋ ಲೇಔಟ್ (ಒಳಗಿನ ಪದಕ್ಕೆ ತಕ್ಕಂತೆ ತಾನೇ ಹಿಗ್ಗುವ ವ್ಯವಸ್ಥೆ) ಹಾಕಿದ್ದರಿಂದ ‘ಮುಂದುವರಿಯಿರಿ’ ಎಂಬ ಉದ್ದನೆಯ ಪದವೂ ಚೌಕಟ್ಟು ಮೀರದೆ ಕೂರುತ್ತಿದೆ.